ಸೈಟಿಲ್ಲದವರಿಗೆ ಮನೆ: ಬಳಸುವ ವಿಧಾನ

ಬಳಸುವ ಮುನ್ನ

ಈ ಕೈಪಿಡಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳಲ್ಲೂ ಅವುಗಳ ಸುತ್ತಲ ಹಳ್ಳಿಗಳಲ್ಲೂ ಸ್ವಂತ ಮನೆಯಿಲ್ಲದೆ ಬದುಕುತ್ತಿರುವವರಿಗಾಗಿ. ಪೂರ್ತಿ ಓದಿದ ಮೇಲೆ ತೇವವಿಲ್ಲದ, ನೇರ ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ ಇಡಿ. ಅಂಥ ಜಾಗವೊಂದು ಇದ್ದಿದ್ದರೆ ನಿಮಗೆ ಈ ಕೈಪಿಡಿಯೇ ಬೇಕಿರಲಿಲ್ಲ ಎಂಬುದು ನಮಗೂ ಗೊತ್ತು. ಆದರೆ ಕೈಪಿಡಿ ಎಂದ ಮೇಲೆ ಈ ಸಾಲು ಇರಲೇಬೇಕು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಇಲ್ಲಿ ಮಾರ್ಗದರ್ಶನಕ್ಕೆ ಬಳಸಿಲ್ಲ. ಆ ಗಾದೆ ಹೇಳಿದವನಿಗೆ ಸೈಟು ಆಗಲೇ ಇತ್ತು.

ನೀವು ನಿಜಕ್ಕೂ ಮನೆಯಿಲ್ಲದವರೇ?

ಇದನ್ನು ನೀವೇ ತೀರ್ಮಾನಿಸಿಕೊಳ್ಳುವಂತಿಲ್ಲ. ಜನಗಣತಿಯವರ ಲೆಕ್ಕದಲ್ಲಿ ಮನೆಯಿಲ್ಲದವರೆಂದರೆ ರಸ್ತೆ ಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಮೇಲ್ಸೇತುವೆಯ ಕೆಳಗೆ, ಮೆಟ್ಟಿಲ ಸಂದಿ, ಗುಡಿಯ ಮಂಟಪ, ರೈಲ್ವೆ ಪ್ಲಾಟ್‌ಫಾರಂ ಇಂಥಲ್ಲಿ ಮಲಗುವವರು. 2011ರಲ್ಲಿ ಇಂಥವರನ್ನು ಎಣಿಸಲು ಇಟ್ಟಿದ್ದು ಒಂದೇ ರಾತ್ರಿ: ಫೆಬ್ರವರಿ 28. ಆ ರಾತ್ರಿ ನೀವು ಹ್ಯೂಮ್ ಪೈಪಿನೊಳಗೇ ಇದ್ದಿರಾದರೆ ದೇಶದ 17 ಲಕ್ಷ ಚಿಲ್ಲರೆ ಜನರಲ್ಲಿ ಒಬ್ಬರಾಗಿ ದಾಖಲೆಗೆ ಸೇರಿದ್ದೀರಿ. ಚಳಿಯೆಂದು ನಾದಿನಿಯ ಮನೆಯ ಪಡಸಾಲೆಗೆ ಹೋಗಿ ಮಲಗಿದ್ದರೆ ಸೇರಿಲ್ಲ. ಪಡಸಾಲೆಯಲ್ಲಿ ಮಲಗುವವರು ‘ಮನೆಯಲ್ಲಿ ವಾಸಿಸುವವರು’.

ನಮ್ಮ ಸೀಮೆಯ ತೊಂದರೆಯೆಲ್ಲ ಇರುವುದು ಈ ಪಡಸಾಲೆಯಲ್ಲೇ. ಇಲ್ಲಿ ಬೀದಿಯಲ್ಲಿ ಮಲಗುವವರು ಕಣ್ಣಿಗೆ ಬೀಳುವುದು ಕಡಿಮೆ. ಅಣ್ಣತಮ್ಮಂದಿರು ಮೂವರು ಒಂದೇ ಅಂಕಣದ ಮನೆಯಲ್ಲಿ ಸೀರೆಯ ಪರದೆ ಕಟ್ಟಿಕೊಂಡು ಸಂಸಾರ ಮಾಡುತ್ತಾರೆ. ನೂಲು ಬಿಚ್ಚುವ ಘಟಕದ ಹಿಂದಿನ ಕೋಣೆಯಲ್ಲಿ ಕೂಲಿಯವರ ಸಂಸಾರ, ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಲ್ಲಿ ಬಿಹಾರ, ಒಡಿಶಾದವರ ಸಂಸಾರ. ಹೆಂಚಿನ ಮನೆಯ ಹಿತ್ತಲಿಗೆ ಶೀಟು ಇಳಿಸಿ ಮದುವೆಯಾದ ಮಗನಿಗೆ ಬಿಟ್ಟುಕೊಟ್ಟಿರುತ್ತಾರೆ. ಇವರೆಲ್ಲರ ತಲೆಯ ಮೇಲೆ ಏನೋ ಒಂದು ಇದೆ. ಲೆಕ್ಕಕ್ಕೆ ಅಷ್ಟು ಸಾಕು.

ಮನೆಯಿಲ್ಲದಿರುವುದರಲ್ಲಿ ಎರಡು ಬಗೆ ಎಂಬುದನ್ನೂ ತಿಳಿದಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಅವರು ಬಾಳಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ಕೈವಾರದ ತಾತಯ್ಯ ಬಳೆಯ ಮಲಾರ ಹೊತ್ತು ಊರೂರು ತಿರುಗಿ, ಕಡೆಗೆ ಗುಹೆ ಸೇರಿ ತಪಸ್ಸು ಮಾಡಿದರೆಂದು ನಂಬಿಕೆ. ಮನೆ ಬೇಡವೆಂದವರಿಗೆ ನಾವು ಕೈ ಮುಗಿಯುತ್ತೇವೆ. ಮನೆ ಬೇಕು, ಇಲ್ಲ ಎನ್ನುವವರನ್ನು ರಾತ್ರಿ ಹನ್ನೊಂದರ ಮೇಲೆ ಬಸ್ ನಿಲ್ದಾಣದಿಂದ ಎಬ್ಬಿಸುತ್ತೇವೆ. ನೀವು ಯಾವ ಬಗೆಯವರೆಂದು ಎಬ್ಬಿಸಲು ಬಂದವರಿಗೆ ವಿವರಿಸಿ ಹೇಳುವ ಪ್ರಯತ್ನ ಬೇಡ.

ತಾತ್ಕಾಲಿಕ ಬಳಕೆ

ಮನೆ ಸಿಗುವವರೆಗೆ ರಾತ್ರಿ ವಸತಿ ಕೇಂದ್ರದಲ್ಲಿ ತಂಗಬಹುದು. ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ವಸತಿ ಕೇಂದ್ರ ಇರಬೇಕು, ತಲೆಗೆ 50 ಚದರಡಿಯ ಲೆಕ್ಕದಲ್ಲಿ. 2011ರ ಜನಗಣತಿಯಂತೆ ನಮ್ಮ ನಾಲ್ಕು ಊರುಗಳಲ್ಲಿ ಒಂದೂ ಲಕ್ಷ ಮುಟ್ಟುವುದಿಲ್ಲ. ಎಲ್ಲಕ್ಕಿಂತ ದೊಡ್ಡದಾದ ಚಿಂತಾಮಣಿಯೇ 76 ಸಾವಿರದ ಆಸುಪಾಸಿನಲ್ಲಿ ನಿಂತಿದೆ. ಮನೆಯಿಲ್ಲದವನಾಗುವುದಕ್ಕೂ ಒಳ್ಳೆಯ ಊರು ನೋಡಿ ಹುಟ್ಟಬೇಕು.

ಬಾಡಿಗೆ ಮನೆ ಇನ್ನೊಂದು ದಾರಿ. ಬೀದಿಯಲ್ಲಿ ನಡೆಯುತ್ತ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಹುಡುಕಿ. ಬಾಗಿಲು ತಟ್ಟಿದ ಮೇಲೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ. ಬಾಯಿಪಾಠ ಮಾಡಿಕೊಂಡು ಹೋದರೆ ಅನುಕೂಲ.

“ಅಕ್ಕಾ, ಮನೆ ಖಾಲಿ ಐತಾ?”

“ಐತೆ. ಎಷ್ಟು ಜನ?”

“ನಾವಿಬ್ರು, ಎರಡು ಮಕ್ಕಳು, ನಮ್ಮಮ್ಮ.”

“ಯಾವೂರು ನಿಮ್ದು?”

“ದಿಬ್ಬೂರಹಳ್ಳಿ ಕಡೆ ಅಕ್ಕಾ.”

“ಊರಾಗೆ ನಿಮ್ಮನೆ ಎಲ್ಲಿ ಬರ್ತದೆ?”

ಇದು ಭೂಗೋಳದ ಪ್ರಶ್ನೆಯಲ್ಲ. ಊರಿನ ಒಳಗೋ, ಆಚೆಗೋ, ಮಸೀದಿಯ ಕಡೆಗೋ ಎಂಬುದರ ಮೇಲೆ ನಿಮ್ಮ ಜಾತಿ ಗೊತ್ತಾಗುತ್ತದೆ. ನೇರವಾಗಿ ಕೇಳುವುದು ಒರಟುತನವೆಂದು ಅಕ್ಕನವರು ಇಷ್ಟು ಸುತ್ತು ಬಂದಿದ್ದಾರೆ. ಗೌರಿಬಿದನೂರು, ಚಿಂತಾಮಣಿ ಕಡೆ ಇದೇ ಪ್ರಶ್ನೆ ತೆಲುಗಿನಲ್ಲಿ ಬರಬಹುದು. ಉತ್ತರವನ್ನು ಯಾವ ಭಾಷೆಯಲ್ಲಿ ಕೊಟ್ಟರೂ ಫಲ ಒಂದೇ. ಉತ್ತರ ಒಪ್ಪಿಗೆಯಾಗದಿದ್ದರೆ ಅಕ್ಕನವರಿಗೆ ಥಟ್ಟನೆ ತಮ್ಮನ ಮಗನ ನೆನಪಾಗುತ್ತದೆ: “ಅಯ್ಯೋ, ನನ್ನ ತಮ್ಮನ ಮಗ ಬರ್ತೀನಿ ಅಂದವ್ನೆ ಕಣಪ್ಪ, ಮರ್ತೇಬಿಟ್ಟಿದ್ದೆ.” ಈ ತಮ್ಮನ ಮಗ ನಮ್ಮ ನಾಲ್ಕೂ ಊರುಗಳ ಅತಿ ದೊಡ್ಡ ಬಾಡಿಗೆದಾರ. ಲೆಕ್ಕವಿಲ್ಲದಷ್ಟು ಮನೆಗಳಿಗೆ ಬರುತ್ತೇನೆ ಎಂದಿದ್ದಾನೆ. ಒಂದಕ್ಕೂ ಬಂದು ಇದ್ದದ್ದು ಕಾಣೆ.

ಉತ್ತರ ಒಪ್ಪಿಗೆಯಾದರೆ ಮಾತು ಅಡ್ವಾನ್ಸಿಗೆ ಬರುತ್ತದೆ. ‘ಭೋಗ್ಯಕ್ಕೆ ತಗೊಳ್ಳಿ’ ಎಂದೂ ಹೇಳಬಹುದು. ಒಂದೇ ಗಂಟಿನಲ್ಲಿ ಲಕ್ಷಗಳ ಲೆಕ್ಕದಲ್ಲಿ ಹಣ ಕೊಟ್ಟರೆ ಎರಡು-ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಹಣ ವಾಪಸ್. ಬಾಡಿಗೆ ಕಟ್ಟಲು ಹಣವಿಲ್ಲದವರಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿಯಿಲ್ಲ, ಲಕ್ಷಗಟ್ಟಲೆ ಹಣವೊಂದಿದ್ದರೆ.

ಬೇಕಾಗುವ ಸಾಮಾನು

ಆಧಾರ್, ರೇಷನ್ ಕಾರ್ಡು, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸ ದೃಢೀಕರಣ, ಬ್ಯಾಂಕ್ ಪಾಸ್‌ಬುಕ್, ರಾಜ್ಯದಲ್ಲೆಲ್ಲೂ ತಮಗೆ ಮನೆಯಾಗಲಿ ನಿವೇಶನವಾಗಲಿ ಇಲ್ಲವೆಂದು ಛಾಪಾ ಕಾಗದದ ಮೇಲೆ ನೋಟರಿಯ ಮುದ್ರೆ. ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ. ಆದ್ದರಿಂದ ಹೆಂಡತಿಯ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯೇ ನೋಡಿ. ಆಧಾರಿನಲ್ಲಿ ಲಕ್ಷ್ಮೀದೇವಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಿದೇವಿ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಮ್ಮ ಎಂದಿದ್ದರೆ ಕಂಪ್ಯೂಟರಿನ ಪಾಲಿಗೆ ನಿಮಗೆ ಮೂವರು ಹೆಂಡಿರು. ಮೂವರಿಗೂ ಮನೆಯಿಲ್ಲ.

ಜೋಡಿಸುವ ಕ್ರಮ ಹೀಗಿದೆ. ಮನೆಗೆ ಅರ್ಜಿ ಹಾಕಲು ವಾಸದ ದೃಢೀಕರಣ ಬೇಕು. ವಾಸದ ದೃಢೀಕರಣಕ್ಕೆ ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ಬೇಕು. ಕರೆಂಟ್ ಬಿಲ್ಲು ಮನೆ ಇರುವವರ ಹೆಸರಿಗೆ ಬರುತ್ತದೆ. ಬಾಡಿಗೆ ಕರಾರು ಬರೆದುಕೊಡಿ ಎಂದರೆ ಅಕ್ಕನವರಿಗೆ ಮತ್ತೆ ತಮ್ಮನ ಮಗನ ನೆನಪಾಗುತ್ತದೆ.

ಅನರ್ಹತೆಗಳು

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಶುರುವಾದಾಗ, ಇವಿದ್ದರೆ ಮನೆಯಿಲ್ಲ ಎಂದು ಹದಿಮೂರು ಸಂಗತಿಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಮೋಟಾರ್ ಬೈಕು ಇತ್ತು, ಫ್ರಿಡ್ಜ್ ಇತ್ತು, ತಂತಿಯ ಟೆಲಿಫೋನ್ ಇತ್ತು, ಮೀನು ಹಿಡಿಯುವ ದೋಣಿಯೂ ಇತ್ತು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ, ಕೆರೆಗಳನ್ನು ತುಂಬಿಸಲು ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ನೀರು ತರಿಸಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿ ದೋಣಿಯ ದೆಸೆಯಿಂದ ಮನೆ ಕಳೆದುಕೊಂಡವರು ಇರಲಾರರು. ಬೈಕಿನ ಮಾತು ಬೇರೆ. ತೋಟದ ಕೂಲಿಗೆ ಬೆಳಗಿನ ಐದಕ್ಕೆ ಹೊರಡಬೇಕಾದವನು ಮೂರನೇ ಕೈಯಿಂದ ಕೊಂಡ ಟಿವಿಎಸ್ ಗಾಡಿಯನ್ನು ಬಡತನದ ವಿರುದ್ಧ ಸಾಕ್ಷಿಯಾಗಿ ಎಣಿಸಿದ್ದು ಈ ದೇಶ ಎಂಟು ವರ್ಷ ನಡೆಸಿದ ಕ್ರೌರ್ಯ. 2024ರಲ್ಲಿ ಬೈಕು, ಫ್ರಿಡ್ಜ್, ಫೋನು, ದೋಣಿ ನಾಲ್ಕನ್ನೂ ಪಟ್ಟಿಯಿಂದ ತೆಗೆದರು. ಈಗ ನೀವು ಧೈರ್ಯವಾಗಿ ದೋಣಿ ಕೊಳ್ಳಬಹುದು.

ಮುಖ್ಯ ಭಾಗ: ಸೈಟು

ಮೇಲಿನ ಎಲ್ಲ ಹಂತ ದಾಟಿ ಬಂದವರಿಗೆ ಕಚೇರಿಯಲ್ಲಿ ಕೇಳುವ ಮೊದಲ ಮಾತು, “ಸೈಟ್ ಐತೇನಮ್ಮ?”

ಮನೆ ಕಟ್ಟಲು ಸರ್ಕಾರ ಹಣ ಕೊಡುತ್ತದೆ. ದೇವರಾಜ ಅರಸರ ಕಾಲದ ಜನತಾ ಮನೆ, 1991-92ರಲ್ಲಿ ಬಂದ ಆಶ್ರಯ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ, ವಾಜಪೇಯಿ ನಗರ ವಸತಿ ಎಂದು ಸರ್ಕಾರಗಳು ಬದಲಾದಂತೆ ಹೆಸರುಗಳೂ ಬಂದಿವೆ. ಇದನ್ನೆಲ್ಲ ನೋಡಿಕೊಳ್ಳಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೇ ಹುಟ್ಟಿದೆ. ಹೆಸರಿನ ಕೊರತೆ ನಮಗೆ ಎಂದೂ ಆಗಿಲ್ಲ. ಆದರೆ ಈ ಹಣ ಗೋಡೆಗೆ, ಚಾವಣಿಗೆ. ಗೋಡೆ ನಿಲ್ಲಬೇಕಾದ ನೆಲ ನಿಮ್ಮದಾಗಿರಬೇಕು, ಅದಕ್ಕೆ ಪಂಚಾಯಿತಿಯ ಇ-ಸ್ವತ್ತು ಇರಬೇಕು. ಜಾಗವಿಲ್ಲದವರಿಗೆ ರಾಜ್ಯ ಸರ್ಕಾರವೇ ಜಾಗ ಒದಗಿಸಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲಿ ಬರೆದಿದೆ. ರಾಜ್ಯ ಅದನ್ನು ಜಿಲ್ಲೆಗೆ, ಜಿಲ್ಲೆ ತಾಲ್ಲೂಕಿಗೆ, ತಾಲ್ಲೂಕು ಪಂಚಾಯಿತಿಗೆ ಹೇಳುತ್ತದೆ. ಪಂಚಾಯಿತಿ ನಿಮಗೆ ಹೇಳುತ್ತದೆ: “ಜಾಗ ಎಲ್ಲೈತೆ, ನೀವೇ ತೋರಿಸಿ.”

ಗೋಮಾಳ ತೋರಿಸಿದಿರಿ ಎನ್ನಿ. ಭೂಕಂದಾಯ ನಿಯಮದಂತೆ ಊರಿನ ನೂರು ದನಕ್ಕೆ 12 ಹೆಕ್ಟೇರ್, ಎಂದರೆ 30 ಎಕರೆಯಷ್ಟು ಗೋಮಾಳ ಉಳಿದಿರಬೇಕು. ದನದ ಲೆಕ್ಕ ತೆಗೆದು, ಇರುವ ಗೋಮಾಳವೇ ಸಾಲದು, ನಿವೇಶನಕ್ಕೆ ಕೊಡಲಾಗದು ಎಂದು ಬರೆಯುತ್ತಾರೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ, ದನವೂ ಮೇಯಬೇಕು. ಆದರೆ ಅದೇ ಗೋಮಾಳದ ಅಂಚನ್ನು ಉಳ್ಳವರ ತಂತಿಬೇಲಿ ವರ್ಷವರ್ಷವೂ ಒಂದಿಷ್ಟು ಮೇಯುತ್ತಾ ಬರುವಾಗ ಯಾರೂ ದನ ಎಣಿಸಲು ಬಂದದ್ದಿಲ್ಲ.

ಇನ್ನೊಂದು ವಿಧಾನವಿದೆ, ಇದನ್ನು ನಾವು ಶಿಫಾರಸು ಮಾಡುವುದಿಲ್ಲ, ತಿಳಿಸುತ್ತೇವಷ್ಟೆ. ಸರ್ಕಾರಿ ಜಾಗದಲ್ಲಿ ನೀವೇ ಗುಡಿಸಲು ಹಾಕಿಕೊಂಡು ಅಲ್ಲಾಡದೆ ಕೂತಿರುವುದು. ಭೂಕಂದಾಯ ಕಾಯ್ದೆಯ 94ಸಿ ಹಳ್ಳಿಗೆ, 94ಸಿಸಿ ಪಟ್ಟಣಕ್ಕೆ. ಕಾನೂನು ಹೇಳಿದ ಗಡುವಿಗಿಂತ ಮೊದಲೇ ಕಟ್ಟಿಕೊಂಡ ವಾಸದ ಮನೆಗಳನ್ನು ಇವು ಸಕ್ರಮ ಮಾಡುತ್ತವೆ. ನಿನ್ನೆ ಹಾಕಿದ ಗುಡಿಸಲು ಅಪರಾಧ, ಹಳೆಯ ಗುಡಿಸಲು ಹಕ್ಕು. ಆದ್ದರಿಂದ ಒತ್ತುವರಿ ಮಾಡಿದ ದಿನವೇ ತಾರೀಕು ಸಮೇತ ಒಂದು ರಶೀದಿ ಮಾಡಿಸಿಟ್ಟುಕೊಳ್ಳಿ. ತಮಾಷೆ ಅನ್ನಿಸಿದರೂ ಈ ಕಲಮುಗಳಿಂದ ಹಕ್ಕುಪತ್ರ ಕೈಗೆ ಬಂದ ಮನೆಗಳಿವೆ. ನಮ್ಮ ಇಡೀ ವಸತಿ ನೀತಿಯಲ್ಲಿ ನೆಲದ ಮಾತನ್ನು ನೇರವಾಗಿ ಆಡುವುದು ಈ ಎರಡು ಕಲಮುಗಳೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾದರೆ ಈ ನಾಲ್ಕು ಊರುಗಳಲ್ಲಿ ನೆಲವೇ ಇಲ್ಲವೇ? ಸುತ್ತ ಸಮುದ್ರವಿರುವ ದ್ವೀಪದವರು ಜಾಗ ಸಾಲದು ಎಂದರೆ ನಂಬಬಹುದು. ನಮ್ಮ ಸುತ್ತ ಇರುವುದು ಲೇಔಟು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು. ನಂದಿಬೆಟ್ಟದ ತಪ್ಪಲಿಗೆ ಶನಿವಾರ-ಭಾನುವಾರದವರು ಬಂದರು. 2023ರ ಜನವರಿಯಲ್ಲಿ ಆವಲಗುರ್ಕಿಯ ಹತ್ತಿರ ಆದಿಯೋಗಿಯೂ ಬಂದು ಕೂತ. ಒಂದೊಂದಕ್ಕೂ ಎಕರೆಯ ಬೆಲೆ ಒಂದು ನೆಗೆತ. ದ್ರಾಕ್ಷಿ ಚಪ್ಪರವಿದ್ದಲ್ಲಿ ಕಮಾನು ಬಾಗಿಲು, ಆಲೂಗಡ್ಡೆ ಹೊಲದಲ್ಲಿ ಬಣ್ಣಬಣ್ಣದ ಕಲ್ಲು. ಒಳಗೆ ಡಾಂಬರು ರಸ್ತೆ, ಬೀದಿದೀಪ, ಚರಂಡಿ, ಉದ್ಯಾನ ಎಲ್ಲ ಉಂಟು. ಮನೆಯೊಂದು ಇಲ್ಲ. ಕೊಂಡವರು ಬೆಂಗಳೂರಿನವರು. ಅವರಿಗೆ ಅಲ್ಲಿ ಮನೆಯಿದೆ, ಇಲ್ಲಿರುವುದು ‘ಇನ್ವೆಸ್ಟ್‌ಮೆಂಟು’. ಆ ಸೈಟುಗಳಲ್ಲಿ ಹುಲ್ಲು ಎದೆಯುದ್ದ ಬೆಳೆದಿರುತ್ತದೆ. ಅದನ್ನು ಕೊಯ್ಯಲು ಬರುವವಳು, ಹೆಚ್ಚಿನ ಪಕ್ಷ, ಈ ಕೈಪಿಡಿ ಓದುತ್ತಿರುವವಳು.

ಬೆಂಗಳೂರಿನಲ್ಲಿ ಎದ್ದ ಕಟ್ಟಡಗಳಿಗೆ ಜಲ್ಲಿ ಹೋಗಿರುವುದು ನಮ್ಮ ಜಿಲ್ಲೆಯ ಬೆಟ್ಟಗಳನ್ನು ಒಡೆದು. ಕಲ್ಲು ಹೊತ್ತವರು, ಗಾರೆ ಕಲಸಿದವರು, ಸೆಂಟ್ರಿಂಗ್ ಕಟ್ಟಿದವರು ಬೆಳಗಿನ ರೈಲಿಗೆ ಗೌರಿಬಿದನೂರಿನಿಂದ ಹತ್ತಿ ಹೋದವರು. ಗೆದ್ದಲು ಹುತ್ತ ಕಟ್ಟುವುದು, ಹಾವು ಬಂದು ಸೇರುವುದು ನಮ್ಮವರಿಗೆ ಹೊಸದಲ್ಲ. ವಿದುರಾಶ್ವತ್ಥದಲ್ಲಿ ನಾಗನಿಗೂ ಕಲ್ಲು ನಿಲ್ಲಿಸಿ ಜಾಗ ಮಾಡಿಕೊಟ್ಟಿದ್ದೇವೆ.

ದೇಶದ ಲೆಕ್ಕವೂ ಇದೇ ಹಾಡು ಹಾಡುತ್ತದೆ. 2011ರ ಗಣತಿಯ ದಿನ ಭಾರತದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1 ಕೋಟಿ 10 ಲಕ್ಷದಷ್ಟು. ನಿಜವಾದ ದ್ವೀಪ ಸಿಂಗಪುರವನ್ನೇ ನೋಡಿ. ನಮ್ಮ ಜಿಲ್ಲೆಯ ಐದನೇ ಒಂದು ಭಾಗದಷ್ಟೂ ಇಲ್ಲ. 1960ರಲ್ಲಿ ಅಲ್ಲಿನ ಸರ್ಕಾರ ವಸತಿ ಮಂಡಳಿ ಮಾಡಿತು, 1966ರಲ್ಲಿ ನೆಲವನ್ನು ಕೈಗೆ ತೆಗೆದುಕೊಳ್ಳುವ ಬಿಗಿ ಕಾಯ್ದೆ ತಂದಿತು. ಇವತ್ತು ಅಲ್ಲಿಯ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಇರುವುದು ಮಂಡಳಿ ಕಟ್ಟಿದ ಮನೆಗಳಲ್ಲಿ. ಆ ಊರಿನ ಬಿಗಿಯೆಲ್ಲ ನಮಗೆ ಬೇಕೆಂದು ನಾನು ಹೇಳುತ್ತಿಲ್ಲ. ಅವರು ಮೊದಲು ಕೈಹಾಕಿದ್ದು ನೆಲಕ್ಕೆ, ಆಮೇಲೆ ಇಟ್ಟಿಗೆಗೆ. ನಾವು ಐವತ್ತು ವರ್ಷದಿಂದ ಇಟ್ಟಿಗೆಗೆ ಹಣ ಕೊಡುತ್ತಿದ್ದೇವೆ.

ಸೈಟು ಸಿಕ್ಕಿಯೇಬಿಟ್ಟರೆ

ಊರಿನಿಂದ ಮೂರು ಕಿಲೋಮೀಟರ್ ಆಚೆಗೆ, ಬಂಡೆಯ ಮೇಲೋ ಕೆರೆಯ ಅಂಗಳದ ಮಗ್ಗುಲಲ್ಲೋ, 20x30 ಅಳತೆಯದು. ಬಂಡೆಯಾದರೆ ಪಾಯ ತೆಗೆಯುವ ಖರ್ಚು ಉಳಿಯಿತೆಂದು ಸಮಾಧಾನ ಮಾಡಿಕೊಳ್ಳಿ. ಅಲ್ಲಿಗೆ ಬಸ್ಸಿಲ್ಲ. ಕೂಲಿ ಪೇಟೆಯಲ್ಲಿ, ಶಾಲೆ ಊರಲ್ಲಿ, ನೀರು ಟ್ಯಾಂಕರಿನಲ್ಲಿ. ಹಕ್ಕುಪತ್ರ ತೆಗೆದುಕೊಂಡು ಹೋದವರು ಎಷ್ಟೋ ಕಡೆ ಮನೆ ಕಟ್ಟದೆ ಮತ್ತೆ ಪೇಟೆಯ ಬಾಡಿಗೆ ಕೋಣೆಗೇ ಮರಳಿರುತ್ತಾರೆ. ಆಗ ‘ಸೈಟ್ ಕೊಟ್ಟರೂ ಕಟ್ಟೋಲ್ಲ ಈ ಜನ’ ಎಂಬ ಮಾತು ಕೇಳಿಬರುತ್ತದೆ. ಹೇಳುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದಿರುತ್ತಾರೆ.

ಫಲಾನುಭವಿಯನ್ನು ಆರಿಸುವುದು ಗ್ರಾಮಸಭೆ. ಪಟ್ಟಣದಲ್ಲಾದರೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಗ್ರಾಮಸಭೆಯ ದಿನ ನೀವು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುತ್ತೀರಿ, ಪಟ್ಟಿ ಮಾತ್ರ ಸಮಯಕ್ಕೆ ಸರಿಯಾಗಿ ಹಾಜರಿರುತ್ತದೆ.

ಮಂಜೂರಾದ ಮೇಲೆ ಹಣ ಒಂದೇ ಸಲ ಬರುವುದಿಲ್ಲ. ಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ಹಂತಗಳಿವೆ. ಪ್ರತಿ ಹಂತದಲ್ಲೂ ಮನೆಯ ಮುಂದೆ ನೀವು ನಿಂತು ಜಿಪಿಎಸ್ ಫೋಟೊ ತೆಗೆಸಿಕೊಳ್ಳಬೇಕು. ಪಾಯದ ಕಂತು ಬರಬೇಕಾದರೆ ಪಾಯ ಆಗಿರಬೇಕು. ಪಾಯಕ್ಕೆ ಹಣ ಸಂಘದಿಂದಲೋ, ವಾರದ ಕಂತಿನ ಮೈಕ್ರೋ ಫೈನಾನ್ಸಿನಿಂದಲೋ, ಅದೂ ಇಲ್ಲದಿದ್ದರೆ ಮೀಟರ್ ಬಡ್ಡಿಯವರಿಂದಲೋ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ ಒಟ್ಟು 1.20 ಲಕ್ಷ ರೂಪಾಯಿ. ಮೇಲೆ ಉದ್ಯೋಗ ಖಾತ್ರಿಯ 90 ದಿನದ ಕೂಲಿ, ಶೌಚಾಲಯಕ್ಕೆ 12,000. ಈ 1.20 ಲಕ್ಷ 2016ರಲ್ಲಿ ಗೊತ್ತು ಮಾಡಿದ್ದು. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಿದಾಗ ಬೈಕನ್ನು ಕ್ಷಮಿಸಿದರು, ಮೊತ್ತವನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡು, ಮೇಸ್ತ್ರಿಯ ದಿನಗೂಲಿ ಯಾವುದೂ ಯೋಜನೆಗಾಗಿ ಕಾದು ನಿಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಲಿಂಟಲ್‌ಗೆ ನಿಂತ ಮನೆಗಳಿಗೆ ಇದೇ ಕಾರಣ. ಅವುಗಳೊಳಗೆ ಹೊಂಗೆ ಗಿಡ ಬೆಳೆದಿದ್ದರೆ, ಬುಡಕ್ಕೆ ನೀರು ಹಾಕಿ. ನೆರಳಾದರೂ ಬರಲಿ.

ಪಕ್ಕದ ಮನೆಯ ಮಾದರಿ

ವಸತಿ ಎಂದರೆ ಹೇಗಿರಬೇಕೆಂದು ತಿಳಿಯಲು ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆಹುಳದ ಮನೆಗೆ ಹೋಗಿ. ಚಪ್ಪಲಿ ಹೊರಗೆ. ಕಾಲು ತೊಳೆಯಿರಿ. ಸೊಳ್ಳೆಬತ್ತಿ, ಬೀಡಿ, ಅಗರಬತ್ತಿ ಒಳಗೆ ಕೂಡದು. ದೊಡ್ಡ ಹುಳಕ್ಕೆ 24-25 ಡಿಗ್ರಿ ಶಾಖ, ನೂರಕ್ಕೆ ಎಪ್ಪತ್ತರಷ್ಟು ತೇವ. ಬೇಸಗೆಯಲ್ಲಿ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸುತ್ತಾರೆ. ಮಳೆಗಾಲದಲ್ಲಿ ಸುಣ್ಣ ಎರಚಿ ಹಾಸಿಗೆ ಒಣಗಿಸುತ್ತಾರೆ. ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದು ಹುಳು ಹಣ್ಣಾದ ಮೇಲೆ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ತನ್ನ ಮನೆ ತಾನೇ ಕಟ್ಟಿ ಒಳಗೆ ಸೇರಿಕೊಳ್ಳುತ್ತದೆ. ಖಾತೆ ಇಲ್ಲ, ನಕ್ಷೆ ಇಲ್ಲ, ಲಿಂಟಲ್ ಹಂತದ ಫೋಟೊ ಇಲ್ಲ.

ಸಾವಿರ ಚದರಡಿಯ ಹುಳದ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನವಿದೆ. ಇರಲೇಬೇಕು. ಈ ಬರಗಾಲದ ಸೀಮೆಯ ಎಷ್ಟೋ ಮನೆಗಳ ಒಲೆ ಉರಿದಿರುವುದೇ ಗೂಡಿನ ದುಡ್ಡಿನಿಂದ. ಸಹಾಯಧನದ ಮನುಷ್ಯರ ಮನೆಗೆ ಕೇಂದ್ರ ಹಾಕಿರುವ ಕನಿಷ್ಠ ಅಳತೆ 25 ಚದರ ಮೀಟರ್, ಎಂದರೆ 270 ಚದರಡಿಯಷ್ಟು. ಬೇರೆ ಹುಳದ ಮನೆ ಕಟ್ಟಲಾರದ ಬಡ ರೈತರು ಇರುವ ಒಂದೇ ಮನೆಯನ್ನು ಹುಳಕ್ಕೆ ಬಿಟ್ಟು, ಕಡೆಯ ಜ್ವರದ ದಿನಗಳಲ್ಲಿ ಮಕ್ಕಳು ಮರಿ ಸಮೇತ ಜಗಲಿಯ ಮೇಲೆ ಮಲಗುವುದುಂಟು. ಜಗಲಿ ಎಂದರೆ ಚಾವಣಿಯ ಒಳಗೇ, ಆದ್ದರಿಂದ ಗಣತಿಗೆ ಬರುವುದಿಲ್ಲ.

ಮನೆಯನ್ನು ಹೇಗೆ ಕೊಡಬೇಕೆಂದು ನಮಗೆ ಗೊತ್ತಿಲ್ಲ ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ಅವರನ್ನು ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಶಾಖ, ತೇವ, ಗಾಳಿ, ಬೆಳಕು, ತಲೆಗೆ ಇಷ್ಟು ಜಾಗ ಎಂದು ಲೆಕ್ಕ ಹಾಕಿ, ಹಣ ಒದಗಿಸಿ, ಇನ್‌ಸ್ಪೆಕ್ಟರನ್ನು ಕಳಿಸಿ ವಿಚಾರಿಸಿಕೊಳ್ಳುವುದು ಈ ಜಿಲ್ಲೆಗೆ ಚೆನ್ನಾಗಿ ಬರುತ್ತದೆ.

ದೋಷ ಕಂಡುಬಂದಲ್ಲಿ

ಮಳೆಗೆ ಚಾವಣಿ ಸೋರುತ್ತಿದೆ: ಮುದ್ದೇನಹಳ್ಳಿಗೆ ಹೋಗಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ನೋಡಿಕೊಂಡು ಬನ್ನಿ. ಅದು ಇನ್ನೂ ಗಟ್ಟಿಯಾಗಿ ನಿಂತಿದೆ. ಸೋರುವುದು ನಿಲ್ಲದು, ಎಂಜಿನಿಯರಿಂಗಿನ ಮೇಲೆ ನಂಬಿಕೆ ಉಳಿಯುತ್ತದೆ.

ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು, ಈಗಿಲ್ಲ: ಯಾವ ಲಕ್ಷ್ಮಮ್ಮ ಎಂದು ಮೊದಲು ನೋಡಿ.

ನಿಮಗೆ ಮಂಜೂರಾದ ಮನೆಯಲ್ಲಿ ಬೇರೆಯವರಿದ್ದಾರೆ: ಅವರು ತಮ್ಮನ ಮಗ ಆಗಿರಬಹುದು.

ಮನೆ ಇರುವವರಿಗೆ ಅನುಬಂಧ

ಈ ಭಾಗ ಚಿಕ್ಕದು, ಆದರೆ ತಮಾಷೆ ಬಿಟ್ಟು ಓದಬೇಕಾದದ್ದು. ಇಲ್ಲಿ ವಸತಿಯ ಸಮಸ್ಯೆಯೆಂದರೆ ನೆಲದ ಸಮಸ್ಯೆ. ಅದು ತಾಲ್ಲೂಕು ಕಚೇರಿಯಲ್ಲೂ ನಗರಸಭೆಯಲ್ಲೂ ತೀರ್ಮಾನವಾಗುವಂಥದು. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಊರಿನ ಸರ್ಕಾರಿ ಜಾಗದ ಸರ್ವೆ ನಂಬರು, ಎಕರೆ-ಗುಂಟೆ, ಯಾರ ಸ್ವಾಧೀನ ಎಂಬುದನ್ನು ಬರೆಸಿ ಎಂದು ಕೇಳಿ. ಲೇಔಟಿಗೆ ಒಪ್ಪಿಗೆ ಕೊಡುವಾಗ ರಸ್ತೆಗೂ ಉದ್ಯಾನಕ್ಕೂ ಜಾಗ ಬಿಡಿಸಿಕೊಳ್ಳುವವರಿಗೆ, ಆ ರಸ್ತೆ ಗುಡಿಸುವವರಿಗೂ ಉದ್ಯಾನಕ್ಕೆ ನೀರು ಹಾಕುವವರಿಗೂ ಅಲ್ಲೇ ನಾಲ್ಕು ಸೈಟು ಬಿಡಿಸುವುದು ಕಷ್ಟದ ಕೆಲಸವಲ್ಲ. ಕೊರೊನಾ ವರ್ಷದಲ್ಲಿ, 2020ರಲ್ಲಿ, ವಲಸೆ ಕೂಲಿಕಾರರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆಯನ್ನು ಕೇಂದ್ರ ಹೊರಡಿಸಿತು. 2024ರ ನಗರ ಆವಾಸ್ ಯೋಜನೆಯಲ್ಲೂ ಬಾಡಿಗೆ ಮನೆಗೆ ಒಂದು ಭಾಗವಿದೆ. ಘಟಕದ ಹಿಂದಿನ ಕೋಣೆಯಲ್ಲಿರುವ ಕೂಲಿಯವನಿಗೂ ಇಟ್ಟಿಗೆ ಗೂಡಿನವನಿಗೂ ನಾಳೆ ಬೆಳಿಗ್ಗೆ ಬೇಕಾಗಿರುವುದು ಅಂಥದ್ದು, ಹತ್ತು ವರ್ಷದ ಮೇಲೆ ಬರುವ ಹಕ್ಕುಪತ್ರವಲ್ಲ. ನಿಮ್ಮ ನಗರಸಭೆ ಅದಕ್ಕೆ ಅರ್ಜಿ ಹಾಕಿದೆಯೇ ಎಂದು ವಾರ್ಡಿನ ಸದಸ್ಯರನ್ನು ನಿಲ್ಲಿಸಿ ವಿಚಾರಿಸಿ.

ನಿಮ್ಮ ಬಡಾವಣೆಯ ಪಕ್ಕದಲ್ಲಿ ಆಶ್ರಯ ಬಡಾವಣೆ ಬರುತ್ತದೆಂದು ಸುದ್ದಿಯಾದಾಗ ‘ಸೈಟಿನ ರೇಟು ಬಿದ್ದುಹೋಗುತ್ತೆ’ ಎಂದು ಒಂದು ಅರ್ಜಿ ಮನೆಮನೆಗೆ ಸಹಿಗೆ ಬರುತ್ತದೆ. ಪೆನ್ನು ಸಿಗುತ್ತಿಲ್ಲ ಎಂದು ಹೇಳಿ ಕಳಿಸಿ. ಮನೆ ಬಾಡಿಗೆಗೆ ಕೊಡುವಾಗ, ಎಷ್ಟು ಜನ, ಯಾವಾಗ ಬರುತ್ತೀರಿ, ಬಾಡಿಗೆ ಯಾವ ತಾರೀಕಿಗೆ ಎಂಬ ಮೂರು ಪ್ರಶ್ನೆ ಸಾಕು. ಕರಾರು ಕೇಳಿದರೆ ಬರೆದುಕೊಡಿ.

ಗ್ರಾಮಸಭೆಗೆ ಹೋಗಿ, ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಸಭೆಯ ದಿನಾಂಕವನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿರುತ್ತಾರೆ. ಅಂಟಿಸಿಲ್ಲದಿದ್ದರೆ ಪಿಡಿಒ ಅವರನ್ನು ಕೇಳಿ; ಮಧ್ಯಾಹ್ನದ ಮೇಲೆ ಹೋದರೆ ಮೀಟಿಂಗ್‌ನಲ್ಲಿರುತ್ತಾರೆ, ಬೆಳಿಗ್ಗೆಯೇ ಹೋಗಿ.